ಅಡ್ಡಗೆರೆಯ ಆಚೆಗಿನ ಹೆಸರು

2024ರ ಜುಲೈ ಕೊನೇ ವಾರ ನಾನು ಊರಲ್ಲಿದ್ದೆ, ದಂಡಿನಶಿವರದಲ್ಲಿ. ಪ್ಯಾರಿಸ್ ಒಲಿಂಪಿಕ್ಸ್ ನಡೀತಿತ್ತು. ತೋಟದಿಂದ ಬಂದ ದೊಡ್ಡಪ್ಪ ಜಗುಲಿ ಮೇಲೆ ಪೇಪರ್ ಹರಡಿಕೊಂಡು ಕೂತಿದ್ರು. ಮುಂದಿನ ಪುಟದ ತುಂಬ ಮನು ಭಾಕರ್. ಒಳಗಿನ ಪುಟದ ಒಂದು ಮೂಲೆಯಲ್ಲಿ ಅಶ್ವಿನಿ ಪೊನ್ನಪ್ಪ ಸುದ್ದಿ. ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ತನಿಷಾ ಕ್ರಾಸ್ಟೊ ಜೊತೆ ಗುಂಪಿನ ಮೂರೂ ಪಂದ್ಯ ಸೋತು ಹೊರಬಿದ್ದಿದ್ದಾರೆ, ಇದೇ ನನ್ನ ಕೊನೇ ಒಲಿಂಪಿಕ್ಸ್ ಅಂತ ಕಣ್ಣೀರು ಹಾಕಿದ್ದಾರೆ.

ದೊಡ್ಡಪ್ಪ ಕನ್ನಡಕ ಮೇಲೆ ಸರಿಸಿ ಕೇಳಿದ್ರು: ‘ಇದು ಆ ಕೊಡಗಿನ ಹುಡುಗಿ ಅಲ್ವೇನ್ಲಾ? ಜ್ವಾಲಾ ಜೊತೆ ಆಡ್ತಿದ್ಲಲ್ಲ?’

ಹೌದು ಅಂದೆ. ಅಂದಮೇಲೆ ಏನೋ ಕಸಿವಿಸಿ. ಜ್ವಾಲಾ ಗುಟ್ಟಾ ಆಟ ನಿಲ್ಲಿಸಿ ಎಷ್ಟೋ ವರ್ಷ ಆಗಿದೆ. ಅಶ್ವಿನಿ ಅದಾದ ಮೇಲೂ ಬೇರೆ ಬೇರೆ ಜೊತೆಗಾರರ ಜೊತೆ ಆಡ್ತಾನೇ ಇದ್ದಾರೆ. ಆದ್ರೂ ನಮ್ಮ ತಲೆಯಲ್ಲಿ ಅವರ ವಿಳಾಸ ಬದಲಾಗಿಲ್ಲ. ದೊಡ್ಡಪ್ಪನದು ಬಿಡಿ, ಬೆಂಗಳೂರಿನಲ್ಲಿ ವಾರಕ್ಕೆ ಮೂರು ದಿನ ಶಟಲ್ ಆಡೋ ನನ್ನ ಆಫೀಸ್ ಗೆಳೆಯರನ್ನ ಕೇಳಿದ್ರೂ ಇದೇ ಉತ್ತರ. ನಮ್ಮ ಪೇಪರ್‌ಗಳು ಜೋಡಿ ಆಟಗಾರರ ಹೆಸರಿನ ನಡುವೆ ಒಂದು ಅಡ್ಡಗೆರೆ ಎಳೀತವೆ: ಜ್ವಾಲಾ-ಅಶ್ವಿನಿ. ಆ ಗೆರೆಯ ಆಚೆ ಬಿದ್ದ ಹೆಸರನ್ನ ನಾವು ಹೇಗೆ ಓದ್ತೀವಿ, ಅಥವಾ ಓದೋದೇ ಇಲ್ಲ ಅನ್ನೋದು ನನ್ನ ತಕರಾರು.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬ್ಯಾಡ್ಮಿಂಟನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಮೊದಲ ಪದಕ ತಂದೋರು ಯಾರು? ಪ್ರಕಾಶ್ ಪಡುಕೋಣೆ, 1983, ಕಂಚು. ಇದು ತುಂಬ ಜನಕ್ಕೆ ಗೊತ್ತು. ಎರಡನೇ ಪದಕ? ‘ಸೈನಾ’ ಅಂತಾರೆ. ‘ಸಿಂಧು’ ಅಂತಾರೆ. ಎರಡೂ ತಪ್ಪು. 28 ವರ್ಷ ಬರಿಗೈಯಲ್ಲಿ ಕಾದ ಮೇಲೆ, 2011ರಲ್ಲಿ ಲಂಡನ್‌ನಲ್ಲಿ ಆ ಎರಡನೇ ಪದಕ ತಂದಿದ್ದು ಜ್ವಾಲಾ ಮತ್ತು ಅಶ್ವಿನಿ. ಮಹಿಳಾ ಡಬಲ್ಸ್ ಕಂಚು. ಸಿಂಧು ಮೊದಲ ಕಂಚು ಗೆದ್ದಿದ್ದು 2013ರಲ್ಲಿ, ಸೈನಾ ಬೆಳ್ಳಿ ಗೆದ್ದಿದ್ದು 2015ರಲ್ಲಿ. ಅಂದ್ರೆ ವಿಶ್ವ ಚಾಂಪಿಯನ್‌ಷಿಪ್ ಪದಕ ಮುಟ್ಟಿದ ಮೊದಲ ಭಾರತೀಯ ಹೆಂಗಸರು ಈ ಇಬ್ಬರು. ಮೊದಲ ಎರಡು ಪದಕದಲ್ಲೂ ಬೆಂಗಳೂರಿನ ಒಬ್ಬೊಬ್ಬರು ಇದ್ದಾರೆ. ನಾವು ಒಬ್ಬರನ್ನ ಮಾತ್ರ ನೆನಪಿಟ್ಟುಕೊಂಡಿದ್ದೀವಿ. ಪ್ರಕಾಶ್ ದೊಡ್ಡವರೇ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅವರು ಒಬ್ಬರೇ ಇದ್ದರು ಅನ್ನೋದೂ ನೆನಪಿಗೆ ಸಹಾಯ ಮಾಡಿದೆ ಅಂತ ನನ್ನ ಗುಮಾನಿ.

ಮನು ಭಾಕರ್ ಸುದ್ದೀನೇ ನೋಡಿ. ಅಶ್ವಿನಿ ಕೊನೇ ಪಂದ್ಯ ಸೋತ ಜುಲೈ 30ರಂದೇ ಮನು ಎರಡನೇ ಕಂಚು ಗೆದ್ದಿದ್ದು. ಅದು ಮಿಶ್ರ ತಂಡದ ಸ್ಪರ್ಧೆ. ಪಕ್ಕದಲ್ಲಿ ನಿಂತು ಅಷ್ಟೇ ಗುಂಡು ಹೊಡೆದ ಹುಡುಗನ ಹೆಸರು ಸರಬ್‌ಜೋತ್ ಸಿಂಗ್. ನಾವು ‘ಮನುಗೆ ಎರಡನೇ ಪದಕ’ ಅಂದ್ವಿ. ಗೆರೆಯ ಆಚೆ ಯಾರಿದ್ದಾರೋ ಅವರ ಹಣೆಬರಹ ಇಷ್ಟೇ.

ಈಗ ಆಟಕ್ಕೆ ಬರ್ತೀನಿ. ಆಟಗಾರರ ಬಗ್ಗೆ ಬರೆಯೋರು ಆಟ ಬಿಟ್ಟು ಮಿಕ್ಕಿದ್ದೆಲ್ಲ ಬರೀತಾರೆ ಅನ್ನೋದು ನನ್ನ ಹಳೇ ದೂರು. ಅಶ್ವಿನಿ ವಿಷಯದಲ್ಲಂತೂ ‘ಕೊಡವ ಚೆಲುವೆ’ ಅಂತೆಲ್ಲ ಬರೆದು ಮುಗಿಸಿದೋರು ಇದ್ದಾರೆ.

ಡಬಲ್ಸ್‌ನಲ್ಲಿ ದಾಳಿ ಮಾಡುವಾಗ ಒಬ್ಬರು ನೆಟ್ ಹತ್ರ, ಇನ್ನೊಬ್ಬರು ಹಿಂದೆ. ಜ್ವಾಲಾ ಎಡಗೈ ಆಟಗಾರ್ತಿ. ಸರ್ವಿಸ್‌ನಲ್ಲಿ ಚಾಲಾಕಿ, ನೆಟ್ ಮುಂದೆ ಶಟಲ್ ಸಿಕ್ಕರೆ ಬಿಡೋರಲ್ಲ. ಎದುರಾಳಿ ತಪ್ಪಿಸಿಕೊಳ್ಳೋಕೆ ಶಟಲ್ ಎತ್ತಿದಾಗ ಹಿಂದಿನಿಂದ ಅಶ್ವಿನಿ ಹಾರಿ ಬಾರಿಸ್ತಿದ್ರು. ಆ ಕಾಲದ ನಮ್ಮ ಹುಡುಗಿಯರಲ್ಲಿ ಹಿಂದಿನ ಗೆರೆಯಿಂದ ಅಷ್ಟು ಭಾರವಾಗಿ ಹೊಡೆಯೋರು ಇನ್ನೊಬ್ಬರಿರಲಿಲ್ಲ. ಅದೂ ಒಂದು ಸ್ಮ್ಯಾಷ್ ಅಲ್ಲ. ಒಂದು, ವಾಪಸ್ ಬಂತು, ಇನ್ನೊಂದು, ವಾಪಸ್ ಬಂತು, ಮತ್ತೊಂದು. ಟೀವಿಯಲ್ಲಿ ಕೊನೇ ಏಟು ಮಾತ್ರ ಕಾಣತ್ತೆ. ಆ ಕೊನೇ ಏಟು ತುಂಬ ಸಲ ನೆಟ್ ಹತ್ರ ಇರೋರದ್ದು. ಹಿಂದಿನ ನಾಲ್ಕು ಸ್ಮ್ಯಾಷ್‌ಗೆ ಎದುರಾಳಿಯ ಕೈ ಸೋತು ಶಟಲ್ ಸಡಿಲಾಗಿ ಬರತ್ತೆ, ಮುಂದಿನವರು ಅದನ್ನ ಕೆಳಕ್ಕೆ ತಟ್ತಾರೆ. ಕ್ಯಾಮೆರಾ ತಟ್ಟಿದವರ ಮುಖಕ್ಕೆ ಹೋಗತ್ತೆ.

ಇನ್ನೊಂದು ವಿಚಾರ ನಾನು ಕೋರ್ಟ್‌ನಲ್ಲಿ ಏದುಸಿರು ಬಿಟ್ಟು ಕಲಿತದ್ದು. ಹಿಂದೆ ಆಡೋರಿಗೆ ಜೊತೆಗಾರರ ಬೆನ್ನು ಕಾಣತ್ತೆ. ಮುಂದೆ ಆಡೋರಿಗೆ ಜೊತೆಗಾರರು ಕಾಣೋದೇ ಇಲ್ಲ, ಏಟಿನ ಸದ್ದು ಮಾತ್ರ ಕೇಳತ್ತೆ. ಹಿಂದಿರೋರು ಬೆನ್ನು ನೋಡಿ ಲೆಕ್ಕ ಹಾಕಬೇಕು: ಅವಳು ಎಡಕ್ಕೆ ವಾಲಿದ್ದಾಳೆ, ಬಲ ಖಾಲಿ, ನಾನು ಅಲ್ಲಿಗೆ. ಅಶ್ವಿನಿ ಹೀಗೆ ಬೆನ್ನು ಓದಿಯೇ ವರ್ಷಗಟ್ಟಲೆ ಆಡಿದ್ದಾರೆ.

2010ರ ಅಕ್ಟೋಬರ್ 14, ದೆಹಲಿ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಸಿಂಗಪುರದ ಜೋಡಿ ಮೇಲೆ ಚಿನ್ನ ಗೆದ್ದಾಗ ಆಕೆಗೆ 21. ಅದೇ ದಿನ ಸೈನಾ ಕೂಡ ಚಿನ್ನ ಗೆದ್ದರು. ಮರುದಿನ ಯಾರ ಫೋಟೊ ದೊಡ್ಡದಾಗಿತ್ತು ಅಂತ ನಾನು ಹೇಳಬೇಕಾಗಿಲ್ಲ.

ಮೆಚ್ಚಿ ಬರೆದದ್ದಾಯ್ತು, ಕೊರತೆಯನ್ನೂ ಹೇಳಬೇಕು. ಆ ಜೋಡಿಯ ಆಟದಲ್ಲಿ ಒಂದೇ ದಾರಿ ಇತ್ತು. ಜ್ವಾಲಾ ಮುಂದೆ, ಅಶ್ವಿನಿ ಹಿಂದೆ ಇರೋತನಕ ಜಗತ್ತಿನ ಯಾರನ್ನಾದರೂ ಹೆದರಿಸ್ತಿದ್ರು. ಆದ್ರೆ ಒಳ್ಳೆ ಜೋಡಿಗಳು ಜ್ವಾಲಾರನ್ನ ಹಿಂದಕ್ಕೂ ಅಶ್ವಿನಿಯನ್ನ ಮುಂದಕ್ಕೂ ಎಳೆದುಬಿಟ್ಟರೆ ಇಬ್ಬರೂ ಬೇರೆಯವರ ಮನೆಗೆ ಬಂದ ನೆಂಟರ ಥರ ಕಾಣ್ತಿದ್ರು. ಅಷ್ಟರಲ್ಲಿ ಜಪಾನಿನ ಹುಡುಗಿಯರು ಈ ಆಟವನ್ನೇ ಬದಲಾಯಿಸಿಬಿಟ್ಟರು. ಎಷ್ಟೇ ಹೊಡೀರಿ, ವಾಪಸ್ ಹಾಕ್ತೀವಿ ಅನ್ನೋ ಉದ್ದುದ್ದ ರ‍್ಯಾಲಿ. 2016ರ ರಿಯೊದಲ್ಲಿ ಅಶ್ವಿನಿ ಮತ್ತು ಜ್ವಾಲಾ ಗುಂಪಿನ ಮೂರೂ ಪಂದ್ಯ ಸೋತರು. ಸೋಲಿಸಿದ ಒಂದು ಜೋಡಿ ಜಪಾನಿನ ಮತ್ಸುತೊಮೊ ಮತ್ತು ತಕಾಹಶಿ, ಕೊನೆಗೆ ಚಿನ್ನ ಗೆದ್ದವರು. ಇನ್ನೊಂದು ನೆದರ್ಲೆಂಡ್ಸ್‌ನ ಜೋಡಿ, ಹಿಂದಿನ ವರ್ಷವಷ್ಟೇ ಕೆನಡಾ ಓಪನ್ ಫೈನಲ್‌ನಲ್ಲಿ ಇವರೇ ಸೋಲಿಸಿದ್ದವರು. ಇದನ್ನ ದುರದೃಷ್ಟ ಅನ್ನೋಕಾಗಲ್ಲ.

ದುರದೃಷ್ಟ ಅನ್ನಬಹುದಾದದ್ದು ಅದಕ್ಕೂ ಮೊದಲು, 2012ರಲ್ಲಿ ಆಗಿತ್ತು. ಲಂಡನ್ ಒಲಿಂಪಿಕ್ಸ್‌ನ ಗುಂಪಿನಲ್ಲಿ ಜಪಾನ್, ಚೈನೀಸ್ ತೈಪೆ, ಭಾರತ, ಮೂರಕ್ಕೂ ಎರಡೆರಡು ಗೆಲುವು. ಎರಡೇ ಜೋಡಿ ಮುಂದೆ ಹೋಗಬೇಕು. ಗೇಮ್ ಲೆಕ್ಕ, ಆಮೇಲೆ ಪಾಯಿಂಟ್ ಲೆಕ್ಕ. ಅಶ್ವಿನಿ ಮತ್ತು ಜ್ವಾಲಾ ಒಂದೇ ಒಂದು ಪಾಯಿಂಟ್ ವ್ಯತ್ಯಾಸದಲ್ಲಿ ಕ್ವಾರ್ಟರ್‌ಫೈನಲ್ ತಪ್ಪಿಸಿಕೊಂಡರು. ಅದೇ ಒಲಿಂಪಿಕ್ಸ್‌ನಲ್ಲಿ, ಅದೇ ಮಹಿಳಾ ಡಬಲ್ಸ್‌ನಲ್ಲಿ, ಮುಂದಿನ ಸುತ್ತಿನಲ್ಲಿ ಸುಲಭದ ಎದುರಾಳಿ ಸಿಗಲಿ ಅಂತ ಬೇಕಂತಲೇ ಸೋಲೋಕೆ ಹೊರಟ ನಾಲ್ಕು ಜೋಡಿಗಳನ್ನ, ಎಂಟು ಆಟಗಾರ್ತಿಯರನ್ನ, ಹೊರಗೆ ಹಾಕಿದ್ರು. ತೈಪೆ ಎದುರು ಜಪಾನ್ ಸೋತ ರೀತಿಯನ್ನೂ ಪರಿಶೀಲಿಸಿ ಅಂತ ಭಾರತ ದೂರು ಕೊಟ್ಟಿತು. ಅದು ನಡೀಲಿಲ್ಲ. ಜಪಾನಿನವರು ಬೇಕಂತ ಸೋತರು ಅಂತ ನಾನು ಹೇಳ್ತಿಲ್ಲ. ಆದ್ರೆ ಆ ವಾರದ ಗದ್ದಲದಲ್ಲಿ ನಮಗೆಲ್ಲ ನೆನಪುಳಿದದ್ದು ಬೇಕಂತ ಸೋತವರ ಕಥೆ. ಗೆಲ್ಲೋಕೆ ಆಡಿ ಒಂದು ಪಾಯಿಂಟ್‌ನಲ್ಲಿ ಉಳಿದವರದ್ದು ಕಥೆಯೇ ಆಗಲಿಲ್ಲ.

ಮರುವರ್ಷ ನಡೆದದ್ದು ಇನ್ನೂ ಸ್ಪಷ್ಟ. 2013ರಲ್ಲಿ ಇಂಡಿಯನ್ ಬ್ಯಾಡ್ಮಿಂಟನ್ ಲೀಗ್ ಶುರುವಾಯ್ತು, ಐಪಿಎಲ್ ಮಾದರಿ, ಹರಾಜು ಎಲ್ಲ ಇತ್ತು. ಜ್ವಾಲಾ, ಅಶ್ವಿನಿ ಇಬ್ಬರನ್ನೂ ದೊಡ್ಡ ಹೆಸರುಗಳ ಪಟ್ಟಿಯಲ್ಲಿಟ್ಟು 50,000 ಡಾಲರ್ ಮೂಲ ಬೆಲೆ ಹೇಳಿದ್ರು. ಆಮೇಲೆ ಲೀಗ್‌ನಲ್ಲಿ ಮಹಿಳಾ ಡಬಲ್ಸ್ ಪಂದ್ಯವೇ ಬೇಡ ಅಂತ ತೀರ್ಮಾನ ಆಯ್ತು. ಪಂದ್ಯ ಹೋದ ಮೇಲೆ ಬೆಲೆ ಎಲ್ಲಿಂದ ಬರತ್ತೆ? ಇಬ್ಬರ ಮೂಲ ಬೆಲೆ 25,000ಕ್ಕೆ ಇಳೀತು. ವಿಶ್ವ ಪದಕ ಇದ್ದ ಇಬ್ಬರು ಹೆಂಗಸರು, ಅವರು ಪದಕ ಗೆದ್ದ ವಿಭಾಗವೇ ಇಲ್ಲದ ಲೀಗ್. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಕರೆಸಿಕೊಂಡು, ‘ಈ ಸಲ ಉಂಡೆ ಕೊಬ್ಬರಿ ಕೊಳ್ಳಲ್ಲ, ಆದ್ರೂ ಚೀಲ ಇಳಿಸಿ ಹೋಗಿ, ಅರ್ಧ ರೇಟು ಕೊಡ್ತೀವಿ’ ಅಂದಂಗೆ.

ದುಡ್ಡಿನ ಮಾತು ಬಂತು ಅಂತ ಇದನ್ನೂ ಹೇಳ್ತೀನಿ. ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಡಬಲ್ಸ್ ಗೆದ್ದ ಜೋಡಿಗೆ ಸಿಗೋ ಬಹುಮಾನ ಸಿಂಗಲ್ಸ್ ಗೆದ್ದ ಒಬ್ಬರಿಗಿಂತ ಚೂರೇ ಚೂರು ಜಾಸ್ತಿ. ಅದನ್ನ ಇಬ್ಬರು ಹಂಚಿಕೋಬೇಕು. ವಿಮಾನದ ಟಿಕೆಟ್ ಮಾತ್ರ ಎರಡು.

ಈ ಗೆರೆಯ ಸಮಸ್ಯೆ ನಮ್ಮದು ಮಾತ್ರಾನಾ ಅಂತ ಹುಡುಕುವಾಗ ನನಗೆ ಸಿಕ್ಕಿದ್ದು ಹಿಮದ ಮೇಲಿನ ಜೋಡಿ ಸ್ಕೇಟಿಂಗ್. ಒಬ್ಬರನ್ನೊಬ್ಬರು ನಂಬದೆ ಒಂದು ಹೆಜ್ಜೆ ಇಡೋಕಾಗದ ಆಟ ಅದು. ಗಂಡು ಹೆಣ್ಣನ್ನ ತಲೆ ಮೇಲೆ ಎತ್ತಿ ಜಾರ್ತಾ ಹೋಗ್ತಾನೆ, ಕೆಳಗೆ ಕಲ್ಲಿನಂಥ ಹಿಮ. ಆ ಆಟದ ಅತಿ ದೊಡ್ಡ ಹೆಸರು ರಷ್ಯಾದ ಇರೀನಾ ರೊಡ್ನಿನಾ. 1972, 1976, 1980, ಮೂರು ಒಲಿಂಪಿಕ್ಸ್, ಮೂರೂ ಚಿನ್ನ. 1969ರಿಂದ 1978ರ ತನಕ ಸತತ ಹತ್ತು ವಿಶ್ವ ಪ್ರಶಸ್ತಿ. ಮೊದಲ ನಾಲ್ಕು ವರ್ಷ ಜೊತೆಗಿದ್ದದ್ದು ಅಲೆಕ್ಸೆಯ್ ಉಲಾನೊವ್. ಆತ ಎದುರಾಳಿ ಜೋಡಿಯ ಲ್ಯುದ್ಮಿಲಾ ಸ್ಮಿರ್ನೊವಾರನ್ನ ಪ್ರೀತಿಸಿ, ಮದುವೆಯಾಗಿ, ಅವಳ ಜೊತೆಗೇ ಸ್ಕೇಟ್ ಮಾಡೋಕೆ ಹೊರಟುಹೋದ. ರೊಡ್ನಿನಾ ಕೂತು ಅಳಲಿಲ್ಲ, ಅಲೆಕ್ಸಾಂಡರ್ ಜೈತ್ಸೆವ್ ಅನ್ನೋ ಹೊಸಬನನ್ನ ಕಟ್ಟಿಕೊಂಡು ಶುರುಮಾಡಿದಳು. 1973ರಲ್ಲಿ ಬ್ರಾಟಿಸ್ಲಾವಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಬ್ಬರೂ ಸ್ಕೇಟ್ ಮಾಡ್ತಿರುವಾಗ ಮಧ್ಯದಲ್ಲೇ ಸಂಗೀತ ನಿಂತುಹೋಯ್ತು. ಇವರು ನಿಲ್ಲಲಿಲ್ಲ. ಸದ್ದೇ ಇಲ್ಲದೆ, ಹಿಮದ ಮೇಲೆ ಬ್ಲೇಡ್ ಕರಕರ ಅನ್ನೋದನ್ನೇ ತಾಳ ಮಾಡಿಕೊಂಡು, ಕೊನೇತನಕ ಆಡಿ ಮುಗಿಸಿ, ಆ ಪ್ರಶಸ್ತಿಯನ್ನೂ ಗೆದ್ದರು.

ಆ ಸಂಗೀತ ಇಲ್ಲದ ಭಾಗದಲ್ಲಿ ಜೈತ್ಸೆವ್ ಕೂಡ ಇದ್ದ ಅನ್ನೋದು ಮುಖ್ಯ. ಹೊಸಬ. ಅವಳು ಮುಂದುವರಿದಳು ಅಂತ ಅವನೂ ಮುಂದುವರಿದನೋ, ಅವನು ಕೈ ಬಿಡಲಿಲ್ಲ ಅಂತ ಅವಳಿಗೆ ಧೈರ್ಯ ಬಂತೋ, ಹೊರಗೆ ಕೂತವರಿಗೆ ಗೊತ್ತಾಗಲ್ಲ. ಆದ್ರೂ ಇವತ್ತು ಉಳಿದಿರೋದು ‘ರೊಡ್ನಿನಾ’ ಅನ್ನೋ ಒಂದೇ ಹೆಸರು. ಅಂದ್ರೆ ಅಲ್ಲೂ ಗೆರೆ ಇದೆ. ವ್ಯತ್ಯಾಸ ಇಷ್ಟೇ: ಜೊತೆಗಾರ ಬದಲಾದ್ರೂ ತಾನು ಉಳಿದವಳನ್ನ ಅಲ್ಲಿ ಇಡೀ ಕಥೆಯ ಒಡತಿ ಮಾಡಿದ್ರು. ಇಲ್ಲಿ ಜೊತೆಗಾರರು ಬದಲಾದ್ರೂ ಉಳಿದುಕೊಂಡ ಅಶ್ವಿನಿಯನ್ನ ನಾವು ಮೊದಲ ಅಧ್ಯಾಯದಲ್ಲೇ ಬಿಟ್ಟು ಬಂದಿದ್ದೀವಿ.

ಯಾಕೆ? ಪದಕದ ಲೆಕ್ಕ ಅಂತೀರಿ, ಒಪ್ತೀನಿ. ರೊಡ್ನಿನಾಗೆ ಎರಡನೇ ಜೊತೆಗಾರನ ಜೊತೆಗೂ ಚಿನ್ನವೇ ಬಂತು. ಅಶ್ವಿನಿಗೆ ಜ್ವಾಲಾ ನಂತರ ಬಂದದ್ದು ಸಣ್ಣವು. ಸಿಕ್ಕಿ ರೆಡ್ಡಿ ಜೊತೆ 2018ರ ಕಾಮನ್‌ವೆಲ್ತ್ ಕಂಚು. ಅದೇ ಗೋಲ್ಡ್ ಕೋಸ್ಟ್‌ನಲ್ಲಿ ಮಿಶ್ರ ತಂಡದ ಚಿನ್ನ. ಮಲೇಷ್ಯಾ ಎದುರಿನ ಆ ಫೈನಲ್‌ನ ಮೊದಲ ಪಂದ್ಯ ಗೆದ್ದು ದಾರಿ ಮಾಡಿಕೊಟ್ಟಿದ್ದು ಸಾತ್ವಿಕ್‌ಸಾಯಿರಾಜ್ ಮತ್ತು ಅಶ್ವಿನಿ. ಸಾತ್ವಿಕ್‌ಗೆ ಆಗ ಇನ್ನೂ 17. ಆಮೇಲೆ ಚಿರಾಗ್ ಶೆಟ್ಟಿ ಜೊತೆ ಆತ ಜಗತ್ತಿನ ನಂಬರ್ ಒನ್ ಆದ, ನಿಮಗೆಲ್ಲ ಗೊತ್ತು. ಅದಕ್ಕೂ ಮೊದಲು ಅವನ ಪಕ್ಕದಲ್ಲಿ ಯಾರು ನಿಂತಿದ್ರು ಅನ್ನೋದನ್ನ ಯಾರೂ ಕೇಳಲ್ಲ.

ನನ್ನ ವಾದ ಇರೋದು ಇಲ್ಲೇ. ಅಶ್ವಿನಿಯ ಎರಡನೇ ಭಾಗವನ್ನ ಪದಕದ ತಕ್ಕಡಿಯಲ್ಲಿ ತೂಗಿದ್ರೆ ಹಗುರವೇ. ಆದ್ರೆ ಕಷ್ಟದ ಕೆಲಸ ಮಾಡಿದ್ದು ಆಗಲೇ. ನಮ್ಮೂರ ಕಡೆ ಇದಕ್ಕೆ ಒಂದು ಅಳತೆ ಇದೆ. ಹೊಸ ಹೋರಿಯನ್ನ ಪಳಗಿಸೋಕೆ ಅದನ್ನ ಇನ್ನೊಂದು ಹೊಸ ಹೋರಿ ಜೊತೆ ಕಟ್ಟಲ್ಲ, ಅನುಭವ ಇರೋ ಎತ್ತಿನ ಜೊತೆ ನೊಗಕ್ಕೆ ಹಾಕ್ತಾರೆ. ಹೋರಿ ಎಳೆದಾಡತ್ತೆ, ನಿಲ್ಲತ್ತೆ, ಅಡ್ಡ ತಿರುಗತ್ತೆ. ಹಳೇ ಎತ್ತು ತನ್ನ ಸಾಲು ಬಿಡದೆ ನಡೀತಾ ಇರತ್ತೆ, ಹೋರಿ ನಿಧಾನಕ್ಕೆ ಆ ಸಾಲಿಗೆ ಬರತ್ತೆ. ಅಂಥ ಎತ್ತಿಗೆ ಊರಲ್ಲಿ ಬೇರೆಯೇ ಮರ್ಯಾದೆ. ಓಟದ ಎತ್ತಿಗೆ ಇರೋ ಹೆಸರಲ್ಲ, ಆದ್ರೆ ಯಾರೂ ಮಾರಲ್ಲ. (ಆಟಗಾರ್ತಿಯನ್ನ ಎತ್ತಿಗೆ ಹೋಲಿಸಿದ ಅಂತ ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.)

ತನಿಷಾ ಹುಟ್ಟಿದ್ದು 2003ರಲ್ಲಿ. ಅಶ್ವಿನಿ ದೆಹಲಿಯಲ್ಲಿ ಚಿನ್ನ ಗೆದ್ದಾಗ ಆ ಹುಡುಗಿಗೆ ಏಳು ವರ್ಷ. 2023ರಲ್ಲಿ ಇಬ್ಬರೂ ಜೋಡಿಯಾದಾಗ ಅಶ್ವಿನಿಗೆ 33, ರ‍್ಯಾಂಕಿಂಗ್ ಶೂನ್ಯದಿಂದ ಕಟ್ಟಬೇಕು. ಹಾಗಂದ್ರೆ ಸಣ್ಣ ಸಣ್ಣ ಟೂರ್ನಿಗಳು. ವಿಶ್ವ ಪದಕ ಇರೋರು ಆ ಮಟ್ಟಕ್ಕೆ ಇಳಿದು ಮೊದಲಿಂದ ಶುರುಮಾಡೋದು ನಮ್ಮಲ್ಲಿ ಎಷ್ಟು ಜನರಿಂದ ಆಗತ್ತೆ? ಹದಿನೈದು ವರ್ಷ ಸೀನಿಯಾರಿಟಿ ಇರೋ ನಿಮ್ಮನ್ನ ಫ್ರೆಶರ್ ಪಕ್ಕ ಕೂರಿಸಿ, ಇಬ್ಬರಿಗೂ ಸೇರಿ ಒಂದೇ ರೇಟಿಂಗ್ ಕೊಡ್ತೀವಿ ಅಂದ್ರೆ ಅವತ್ತೇ ಲಿಂಕ್ಡ್‌ಇನ್ ತೆರೀತೀರಿ. ನಾನೂ ತೆರೀತೀನಿ. ಇವರಿಬ್ಬರು ನಾಂತ್ ಗೆದ್ದರು, ಅಬುಧಾಬಿ ಗೆದ್ದರು, ಗುವಾಹಟಿ ಗೆದ್ದರು, ಲಖನೌದ ಸಯ್ಯದ್ ಮೋದಿ ಟೂರ್ನಿಯಲ್ಲಿ ಫೈನಲ್ ಆಡಿದ್ರು. ಎಲ್ಲ ಒಂದೇ ವರ್ಷದಲ್ಲಿ. ಕೊನೆಗೆ ತಮಗಿಂತ ಹೆಚ್ಚು ಹೆಸರಿದ್ದ ತ್ರೀಸಾ ಜಾಲಿ ಮತ್ತು ಗಾಯತ್ರಿ ಗೋಪಿಚಂದ್ ಜೋಡಿಯನ್ನ ಹಿಂದೆ ಹಾಕಿ ಪ್ಯಾರಿಸ್ ಟಿಕೆಟ್ ತಗೊಂಡರು.

ಪ್ಯಾರಿಸ್‌ನ ಮೂರು ಸೋಲಿನ ಬಗ್ಗೆ ವಿಮರ್ಶೆ ಬರೆಯೋದಾದ್ರೆ ಎರಡೇ ಸಾಲು. ಕೊರಿಯಾ, ಜಪಾನ್ ಎದುರು ಸೋಲು ನಿರೀಕ್ಷಿತವೇ. ಆಸ್ಟ್ರೇಲಿಯಾ ಎದುರು ಸೋತದ್ದು ನಿರಾಸೆ.

ಅದಾದ ಮೇಲೆ ಬಂದ ಸುದ್ದಿ ಅದಕ್ಕಿಂತ ಕಹಿ. ಯಾವ ಆಟಗಾರರಿಗೆ ಸರ್ಕಾರ ಎಷ್ಟು ಖರ್ಚು ಮಾಡಿತು ಅನ್ನೋ ಲೆಕ್ಕ ಹೊರಬಂತು. ಅಶ್ವಿನಿ ಹೆಸರಿನ ಮುಂದೆ ಸುಮಾರು ಒಂದೂವರೆ ಕೋಟಿ. ಆಕೆ ಬಹಿರಂಗವಾಗಿ ತಕರಾರು ತೆಗೆದರು: ಅಂಥ ಹಣ ನನಗೆ ಬಂದಿಲ್ಲ, ಕೋಚ್ ಬೇಕು ಅಂತ ಕೇಳಿದ್ದಕ್ಕೂ ಒಪ್ಪಲಿಲ್ಲ, 2023ರ ನವೆಂಬರ್ ತನಕ ಟೂರ್ನಿಗಳಿಗೆ ನಾನೇ ಖರ್ಚು ಹಾಕಿಕೊಂಡು ಹೋಗಿದ್ದೆ. ಆ ಮೊತ್ತ ರಾಷ್ಟ್ರೀಯ ಶಿಬಿರದ ಒಟ್ಟು ಖರ್ಚಿನ ಪಾಲು ಅಂತ ಆಮೇಲೆ ವಿವರಣೆ ಬಂತು. ಯಾವ ಲೆಕ್ಕ ಸರಿ ಅಂತ ತೀರ್ಪು ಕೊಡೋಕೆ ನಾನು ಆಡಿಟರ್ ಅಲ್ಲ. ನನಗೆ ತಮಾಷೆ ಅನ್ನಿಸಿದ್ದು ಇಷ್ಟೇ. ಪದಕ ಬಂದಾಗ ಅರ್ಧ ಹೆಸರು, ಖರ್ಚು ಬಂದಾಗ ಪೂರ್ತಿ ಹೆಸರು.

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳ್ತಾ ಹೋದೆ, ಇಷ್ಟುದ್ದ ಅಲ್ಲದಿದ್ರೂ. ಅವರು ಹುಡುಗರಾಗಿದ್ದಾಗ ಶಾಲೆ ಮೈದಾನದಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವರು. ಒಂದು ಕಡೆಗೆ ಐದೈದು ಜನ, ಹಳದಿ ಉಣ್ಣೆ ಚೆಂಡು. ‘ಅದರಲ್ಲಿ ಒಬ್ಬನೇ ಗೆದ್ದ ಅಂತ ಯಾವನೂ ಅನ್ನಲ್ಲ ಕಣ್ಲಾ’ ಅಂದ್ರು. ಪೇಪರ್ ಮಡಿಚಿಟ್ಟು ಎದ್ದವರು, ತೊಟ್ಟಿ ಹತ್ರ ಕೈ ತೊಳೀತಾ ಅಲ್ಲಿಂದಲೇ ಕೇಳಿದ್ರು: ‘ಆ ಸಣ್ಣ ಹುಡುಗಿ ಇನ್ಮೇಲೆ ಯಾರ ಜೊತೆ ಆಡ್ತಾಳೆ?’

ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆ ನನಗೆ ಹೊಳೆದೂ ಇರಲಿಲ್ಲ.

ಡಿಸೆಂಬರ್‌ನಲ್ಲಿ ಗುವಾಹಟಿ ಮಾಸ್ಟರ್ಸ್ ಫೈನಲ್ ನಡೀತು. ಚೀನಾದ ಜೋಡಿಯನ್ನ ನೇರ ಗೇಮ್‌ಗಳಲ್ಲಿ ಸೋಲಿಸಿ ಹಿಂದಿನ ವರ್ಷದ ಕಪ್ ಉಳಿಸಿಕೊಂಡದ್ದು ತನಿಷಾ ಮತ್ತು ಅಶ್ವಿನಿ. ಊರಿಗೆ ಫೋನ್ ಮಾಡಿ ಹೇಳಿದೆ. ದೊಡ್ಡಪ್ಪ ಒಂದು ಕ್ಷಣ ಸುಮ್ಮನಿದ್ದು, ‘ಹಂಗಾದ್ರೆ ನೊಗ ಇನ್ನೂ ಇಳಿಸಿಲ್ಲ ಅನ್ನು’ ಅಂದ್ರು. ಆಮೇಲೆ ಕೊಬ್ಬರಿ ರೇಟಿನ ಮಾತು ಶುರುವಾಯ್ತು.